ಕ್ಷೇಮದ ಕಾಗದ ಮತ್ತು ಕತ್ತುಪಾಟ್ಟು

ಮಲೆಯಾಳದಲ್ಲಿ ‘ಕತ್ತ್’ ಎಂದರೆ ಕಾಗದ. ಕನ್ನಡದ ಕಿವಿಗೆ ಅದು ಕೊರಳು. ಎರಡು ಭಾಷೆಗಳ ನಡುವೆ ಬೆಳೆದ ನನಗೆ ‘ಕತ್ತುಪಾಟ್ಟು’ ಎಂಬ ಹೆಸರು ಕೇಳಿದಾಗಲೆಲ್ಲ ಈ ಎರಡು ಅರ್ಥಗಳೂ ಒಟ್ಟಿಗೇ ನೆನಪಾಗುತ್ತವೆ. ಕಾಗದದ ರೂಪದ ಈ ಮಾಪಿಳ್ಳೆ ಹಾಡುಗಳನ್ನು ಗಡಿನಾಡಿನ ಕನ್ನಡಿಗರಾದ ನಾವು ಕ್ಯಾಸೆಟ್ಟಿನಲ್ಲಿ ಕೇಳಿದೆವು, ಕಾವ್ಯವೆಂದು ಓದಲಿಲ್ಲ. ಈ ಆಕ್ಷೇಪ ಮೊದಲು ನನಗೇ ಸಲ್ಲಬೇಕು.

ಹೈಸ್ಕೂಲಿನಲ್ಲಿದ್ದಾಗ ನೆರೆಮನೆಯ ಒಬ್ಬ ತಾಯಿಗೆ ನಾನು ಕಾಗದ ಬರೆದುಕೊಡುತ್ತಿದ್ದೆ. ಅವರ ಗಂಡ ಗಲ್ಫಿನಲ್ಲಿದ್ದರು. ಆಕೆ ಮಲೆಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುವುದು, ಕನ್ನಡ ಶಾಲೆಯಲ್ಲಿ ಕಲಿತಿದ್ದ ಗಂಡ ಅಲ್ಲಿ ಅದನ್ನು ಓದಿಕೊಳ್ಳುವುದು. ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಆರಂಭ. ಅನಂತರ ಆಕೆ ತುಸು ಹೊತ್ತು ಸುಮ್ಮನಿದ್ದು, “ಅಷ್ಟು ಸಾಕು ಮೋನೇ” ಎನ್ನುತ್ತಿದ್ದರು. ಉಳಿದ ಜಾಗದಲ್ಲಿ ಮಗುವಿನ ಜ್ವರ, ಮಾಡಿನ ಹಂಚು, ಅಂಗಡಿಯ ಸಾಲ ಇತ್ಯಾದಿಗಳನ್ನು ನಾನೇ ತುಂಬಿಸುತ್ತಿದ್ದೆ.

ಎಸ್. ಎ. ಜಮೀಲ್ 1970ರ ದಶಕದಲ್ಲಿ ರಚಿಸಿ ಹಾಡಿದ ‘ದುಬೈ ಕತ್ತುಪಾಟ್ಟು’ ನನಗೆ ಮುಖ್ಯವೆನಿಸುವುದು ಈ ಕಾರಣದಿಂದ. ಅದೂ ಕ್ರಮದ ಕಾಗದದಂತೆಯೇ, ಗೌರವದ ಸಂಬೋಧನೆಯೊಂದಿಗೆ ಆರಂಭವಾಗುತ್ತದೆ. ಆದರೆ ಮುಂದೆ ಹೋದಂತೆ ಹೆಂಡತಿ ತನ್ನ ಒಂಟಿತನವನ್ನು, ಕಳೆದುಹೋಗುತ್ತಿರುವ ಯೌವನವನ್ನು, ದೇಹದ ಹಸಿವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ನಾನು ಸಾಲದ ಲೆಕ್ಕ ಬರೆದು ತುಂಬಿಸಿದ ಜಾಗದಲ್ಲಿ ಜಮೀಲರ ಹೆಣ್ಣು ಮಾತಾಡಿದಳು.

ಇಂಥ ಹಾಡು ಅವರಿಂದಲೇ ಮೊದಲಾದುದಲ್ಲ. ಪುಲಿಕ್ಕೋಟ್ಟಿಲ್ ಹೈದರರ ‘ಮರಿಯಕ್ಕುಟ್ಟಿಯ ಕತ್ತ್’ 1921ರ ಮಲಬಾರ್ ಬಂಡಾಯದ ಬಳಿಕ ಬಳ್ಳಾರಿಯ ಜೈಲು ಸೇರಿದ ಗಂಡನಿಗೆ ಹೆಂಡತಿ ಬರೆದ ಕಾಗದ. ಕನ್ನಡ ನೆಲದ ಒಂದು ಊರು ಮಲೆಯಾಳದ ವಿರಹಕಾವ್ಯದಲ್ಲಿ ಸೆರೆಮನೆಯಾಗಿ ಬಂದಿರುವುದನ್ನು ಕನ್ನಡಿಗರಾದ ನಾವು ಗಮನಿಸಬೇಕು. ತನ್ನ ಶೀಲದ ಮೇಲೆ ಬಂದ ಅಪವಾದಕ್ಕೆ ಮರಿಯಕ್ಕುಟ್ಟಿ ಉತ್ತರ ಕೊಡಬೇಕಾಗುತ್ತದೆ. ಜಮೀಲರ ಹೆಣ್ಣಾದರೋ ಗಂಡನಿಂದಲೇ ಉತ್ತರ ಕೇಳುತ್ತಾಳೆ. ಎರಡು ಹಾಡುಗಳ ನಡುವಿನ ನಿಜವಾದ ಬೆಳವಣಿಗೆ ಇದು.

ಆದರೂ ಒಂದು ಅತೃಪ್ತಿಯನ್ನು ಹೇಳಲೇಬೇಕು. ಜಮೀಲರೇ ರಚಿಸಿದ ಮರುಕಾಗದದಲ್ಲಿ ಗಂಡನ ಸಂಕಟವಿದೆ, ಪಶ್ಚಾತ್ತಾಪವಿದೆ. ಅದನ್ನು ಕೇಳಿ ಮುಗಿಸುವ ಹೊತ್ತಿಗೆ ನಮ್ಮ ಕನಿಕರ ಅವನ ಕಡೆಗೆ ಸರಿದಿರುತ್ತದೆ, ಅವಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಎರಡು ಕಾಗದಗಳನ್ನೂ ಬರೆದವನು ಗಂಡಸು ಎಂಬುದು ಇಲ್ಲಿ ತಿಳಿಯುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕೆಂದು ನಾನು ಹೇಳುವುದು ಅದಕ್ಕೇ. ಅಲ್ಲಿ ಗಂಡ ಕಡಲಾಚೆ ಹೋಗಿಲ್ಲ. ನಾದಿರಾಳನ್ನು ಗಂಡ ಮತ್ತು ಮಗುವಿನಿಂದ ಬೇರೆ ಮಾಡುವುದು ತಂದೆಯ ಹಠ. ಅಗಲಿಕೆಯನ್ನು ಅಳೆಯಲು ಮೈಲಿಯ ಲೆಕ್ಕ ಸಾಲದೆಂದು ಕತ್ತುಪಾಟ್ಟು ಹೇಳದೆ ಬಿಟ್ಟದ್ದನ್ನು ನಮ್ಮದೇ ನದಿಯ ದಂಡೆಯ ಈ ಕನ್ನಡ ಕೃತಿ ಹೇಳಿತು.

ಈಗ ಕಾಗದ ಬರೆದುಕೊಡುವ ಹುಡುಗರು ಬೇಕಾಗಿಲ್ಲ. ಗಲ್ಫಿನಲ್ಲಿರುವವರ ಮುಖ ಪ್ರತಿ ರಾತ್ರಿ ಮೊಬೈಲಿನಲ್ಲಿ ಕಾಣುತ್ತದೆ. ಅದು ಸಣ್ಣ ಸಮಾಧಾನವಲ್ಲ, ಹಳೆಯ ದಿನಗಳೇ ಚೆನ್ನಾಗಿದ್ದವೆಂದು ಹಂಬಲಿಸುವವನೂ ನಾನಲ್ಲ. ಆದರೆ ‘ಸುಖವೇ?’ ಎಂದರೆ ‘ಸುಖ’ ಎನ್ನುವ ಪರಿಪಾಠ ಅಲ್ಲಿಯೂ ತಪ್ಪಿಲ್ಲ. ಆ ಮಾತಿನ ಅನಂತರ ಬರುವ ಮೌನವನ್ನು ಜಮೀಲರು ಅರ್ಧದಷ್ಟಾದರೂ ಹಾಡಿದರು. ಅದೇ ಮೌನದೆದುರು ಪೆನ್ನು ಹಿಡಿದು ಕುಳಿತಿದ್ದ ನಾನು ಹಂಚಿನ ಲೆಕ್ಕ ಬರೆದೆ.