ಟೆಡ್ಡಿಯ ಹೊಟ್ಟೆ ಒಣಗಿತೇ?

ಮಕ್ಕಳ ಮೆತ್ತನೆ ಗೊಂಬೆಗಳಿಗೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಎರಡೇ ಉಪಚಾರ. ತಾರಸಿಯ ಬಿಸಿಲಿಗಿಟ್ಟು ನಾಲ್ಕು ಸಲ ಕೊಡವುವುದು, ಇಲ್ಲವೇ ಬಟ್ಟೆಯ ಜೊತೆ ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ತಂತಿಗೆ ಸಿಕ್ಕಿಸುವುದು. ಮೊದಲನೆಯದು ಸಾಲದು, ಎರಡನೆಯದನ್ನು ಅರ್ಧಕ್ಕೆ ಬಿಟ್ಟರೆ ಒಗೆಯದೆ ಇದ್ದದ್ದೇ ವಾಸಿ ಅನ್ನಿಸುತ್ತದೆ.

ಬಿಸಿಲಿನ ಬಗ್ಗೆ ನನಗೆ ಗೌರವವಿದೆ. ತೇವ ಎಳೆಯುತ್ತದೆ, ವಾಸನೆ ಕಳೆಯುತ್ತದೆ. ಆದರೆ ಹಾಸಿಗೆ, ದಿಂಬುಗಳಂತೆ ಗೊಂಬೆಯಲ್ಲೂ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಧೂಳುಹುಳಗಳ ಹಿಕ್ಕೆ ಬಿಸಿಲಿಗೆ ಹೋಗುವುದಿಲ್ಲ. ಅಲರ್ಜಿಯಿರುವ ಮಗುವಿಗೆ ಸೀನು, ಉಬ್ಬಸ ತರುವುದು ಮುಖ್ಯವಾಗಿ ಅದೇ. ಅದು ಹೋಗಬೇಕಾದರೆ ನೀರೇ ಬೇಕು. ಹುಳ ಸಾಯಲು ನೀರು ಸುಮಾರು 60 ಡಿಗ್ರಿ ಬಿಸಿಯಿರಬೇಕು; ಅಷ್ಟು ಬಿಸಿಯನ್ನು ಅಗ್ಗದ ಗೊಂಬೆಗಳ ರೋಮವೂ ಅಂಟೂ ತಾಳುವುದು ಕಷ್ಟ. ಹಾಗಾಗಿ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಲ್ಲಿ ಒಗೆಯುವ ಕ್ರಮ ನನಗೆ ಹೆಚ್ಚು ಒಪ್ಪಿಗೆ. ಫ್ರೀಜರು ಮೈನಸ್ 18 ಡಿಗ್ರಿಯಾದರೂ ಇರಬೇಕು. ಫ್ರೀಜರಿನಿಂದ ತೆಗೆದು ಹಾಗೇ ಮಗುವಿನ ಕೈಗೆ ಕೊಟ್ಟರೆ ಹುಳ ಸತ್ತಿರುತ್ತದೆ, ಹಿಕ್ಕೆ ಅಲ್ಲೇ ಇರುತ್ತದೆ.

ನಿಜವಾದ ಪರೀಕ್ಷೆ ಒಣಗಿಸುವುದರಲ್ಲಿ. ಒಳಗೆ ತುಂಬಿರುವ ಪಾಲಿಯೆಸ್ಟರ್ ಎಳೆಗಳ ನಡುವೆ ನೀರು ನಿಂತುಬಿಡುತ್ತದೆ. ತಂತಿಯ ಮೇಲಿನ ಟೆಡ್ಡಿಯ ಕಿವಿ ಮಧ್ಯಾಹ್ನಕ್ಕೇ ಗರಿಗರಿಯಾಗಿರುತ್ತದೆ, ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿದರೆ ಒಳಗೆ ಇನ್ನೂ ತಣ್ಣಗೆ. ಅಲ್ಲೇ ಬೂಸ್ಟು ಹುಟ್ಟುವುದು, ಮುಗ್ಗಲು ವಾಸನೆ ಏಳುವುದು. ತಿರುಚಿ ಹಿಂಡಿದರೆ ಒಳಗಿನ ತುಂಬು ಗಂಟುಗಟ್ಟಿ ಗೊಂಬೆ ಸೊಟ್ಟಗಾಗುತ್ತದೆ. ದಪ್ಪ ಟವೆಲಿನಲ್ಲಿ ಸುತ್ತಿ ಅಂಗೈಯಿಂದ ಒತ್ತಿ ನೀರು ತೆಗೆಯಬೇಕು. ಆಮೇಲೆ ಫ್ಯಾನಿನ ಕೆಳಗೆ, ಆಗಾಗ ಮಗ್ಗುಲು ಬದಲಿಸುತ್ತಾ, ಹೊಟ್ಟೆಯ ತಂಪು ಹೋಗುವವರೆಗೆ. ಹೇರ್ ಡ್ರೈಯರಿನ ಬಿಸಿಗಾಳಿ ಹತ್ತಿರದಿಂದ ಬಿಟ್ಟರೆ ಸಿಂಥೆಟಿಕ್ ರೋಮ ಮುದುಡಿ ಒರಟಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೊಂಬೆ ನೆನೆಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಕೊಳೆಯಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲು ಮರಳಲಿ ಎಂದು ಕಾಯಬಹುದು.

ವಾಷಿಂಗ್ ಮೆಷಿನ್ನು ಕೆಟ್ಟದ್ದೇನಲ್ಲ. ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟಿ, ಮೆಲುವಾದ ಸುತ್ತಿನಲ್ಲಿ ಬಿಟ್ಟರೆ ಹಲವು ಗೊಂಬೆಗಳು ತಾಳುತ್ತವೆ. ಹೊಲಿಗೆ ಬಿಟ್ಟಿದ್ದರೆ ಮೊದಲು ಹೊಲಿಯಬೇಕು. ಪಾದದಲ್ಲಿ ಪ್ಲಾಸ್ಟಿಕ್ ಕಾಳು ತುಂಬಿದವಂತೂ ಒಡೆದರೆ ಮಗುವಿನ ಬಾಯಿಗೇ ಅಪಾಯ. ಹಾಡುವ ಗೊಂಬೆಯನ್ನು ನೀರಿಗೆ ಹಾಕಲೇಬಾರದು. ಅಡುಗೆ ಸೋಡಾ ಉದುರಿಸಿ ಬ್ರಷ್ ಮಾಡುವ ಉಪಾಯ ವಾಸನೆಗೆ ಸರಿ, ಕೊಳೆಗಲ್ಲ.

ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದು ಹೊಸ ಗೊಂಬೆಗೆ ಸಿಕ್ಕ ಭರವಸೆ. ಹಲವು ಸಲ ನೀರು ಕಂಡ ಗೊಂಬೆಯ ಹೊಣೆ ನಮ್ಮದು. ಪ್ರತಿ ಸಲ ಒಣಗಿದ ಮೇಲೆ ಕಣ್ಣು, ಮೂಗು, ಗುಂಡಿಗಳನ್ನು ಬಲವಾಗಿ ಎಳೆದು ನೋಡಿ. ಸಡಿಲ ಕಂಡದ್ದನ್ನು ಕಿತ್ತು, ಆ ಜಾಗದಲ್ಲಿ ಕಪ್ಪು ದಾರದಿಂದ ಕಣ್ಣು ಹೊಲಿದು ಕೊಡಿ.