ಅರಳಿಕಟ್ಟೆಯ ಮಾತು, ಆಫೀಸಿನ ಶಿಕ್ಷೆ

ನಮ್ಮೂರು ಮಂಡ್ಯದ ಹೊಳಲು. ಅಲ್ಲಿ ಅರಳಿಕಟ್ಟೆ ಮೇಲೆ ಕೂತರೆ ಮೇಷ್ಟ್ರೂ ಸರ್ಕಾರವನ್ನ ಬಯ್ತಾರೆ, ಡೇರಿ ಕಾರ್ಯದರ್ಶಿಯೂ ಬಯ್ತಾರೆ. ಬೆಳಗಾದರೆ ಇಬ್ಬರೂ ತಂತಮ್ಮ ಕೆಲಸಕ್ಕೆ ಹೋಗ್ತಾರೆ. ಅದೇ ಮಾತು ಫೋನಿಗೆ ಹತ್ತಿದರೆ ಕೆಲಸವೇ ಹೋಗಬಹುದು.

2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು, ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟಿತ್ತು ಅಂತ ಪಟ್ಟಿ ಹಾಕಿ, ಆಗಷ್ಟೇ ಬಂದಿದ್ದ ಸರ್ಕಾರದ ಉಚಿತ ಯೋಜನೆಗಳನ್ನು ಟೀಕಿಸಿದರು. ಅಮಾನತಾದರು. ಅದಕ್ಕೂ ಮೊದಲು, 2020ರ ಮಾರ್ಚ್‌ನಲ್ಲಿ, ಜನರ ನಡುವೆ ಹೋಗಿ ಸೀನಿ ವೈರಸ್ ಹರಡಿ ಅಂತ ಫೇಸ್‌ಬುಕ್‌ನಲ್ಲಿ ಬರೆದ ಉದ್ಯೋಗಿಯನ್ನು ಇನ್ಫೋಸಿಸ್ ಕೆಲಸದಿಂದ ತೆಗೆಯಿತು. ಪೊಲೀಸರು ಬಂಧಿಸಿದರು.

ಎರಡೂ 'ಪೋಸ್ಟ್' ಹೌದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸರಿಯಾ? ಎರಡನೆಯದು ಊರಿಗೆ ಊರನ್ನೇ ಅಪಾಯಕ್ಕೆ ತಳ್ಳುವ ಕರೆ. ಮೊದಲನೆಯದರಿಂದ ಅಧಿಕಾರದಲ್ಲಿದ್ದವರಿಗೆ ಮುಜುಗರ ಆಯ್ತು, ಅಷ್ಟೇ. ಹಾನಿಗೆ ಶಿಕ್ಷೆ ಇರಲಿ, ಮುಜುಗರಕ್ಕೆ ಯಾಕೆ?

ಸರ್ಕಾರಿ ನೌಕರರ ನಡತೆ ನಿಯಮ ಸರ್ಕಾರವನ್ನು ಟೀಕಿಸಬಾರದು ಅನ್ನುತ್ತೆ, ನಿಜ. ಮೇಷ್ಟ್ರು ತರಗತಿಯಲ್ಲಿ ಮಕ್ಕಳ ಮುಂದೆ ಪಕ್ಷದ ಭಾಷಣ ಮಾಡಿದರೆ ನಾನೂ ಒಪ್ಪಲ್ಲ. ಆದರೆ ಶಾಲೆ ಬಿಟ್ಟ ಮೇಲೂ ಅವರು ನಾಗರಿಕರಲ್ಲವಾ? 2020ರ ಜನವರಿಯಲ್ಲಿ ತ್ರಿಪುರ ಹೈಕೋರ್ಟ್ ಹೇಳಿದ್ದೂ ಇದನ್ನೇ: ಸರ್ಕಾರಿ ನೌಕರಿ ಸೇರಿದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಇಲ್ಲವಾಗುವುದಿಲ್ಲ. ನಿಯಮದ ಮಿತಿಯೊಳಗೆ ಅಭಿಪ್ರಾಯ ಹೇಳಬಹುದು.

ಖಾಸಗಿ ಕಂಪನಿಯ ನಮ್ಮ ಪಾಡು ಇನ್ನೂ ತೆಳು. 2015ರಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದಾಗ ನಾವೆಲ್ಲ ಖುಷಿಪಟ್ಟಿದ್ದೆವು. ಅದು ಪೊಲೀಸರ ಕೈಯಿಂದ ಒಂದು ಅಸ್ತ್ರ ಕಿತ್ತುಕೊಂಡಿತು, ಎಚ್‌ಆರ್ ಕೈಯಿಂದಲ್ಲ. ಸಂವಿಧಾನದ 19ನೇ ವಿಧಿ ಕಟ್ಟಿಹಾಕೋದು ಮುಖ್ಯವಾಗಿ ಸರ್ಕಾರವನ್ನ. ನಮಗೆ ಇರೋದು ಓದದೇ ಸಹಿ ಹಾಕಿದ ಆಫರ್ ಲೆಟರ್. ಅದರಲ್ಲಿ 'ಕಂಪನಿಯ ಹೆಸರಿಗೆ ಧಕ್ಕೆ' ಅನ್ನೋ ಒಂದು ಸಾಲಿದ್ದರೆ ಸಾಕು, ಏನು ಬೇಕಾದರೂ ಅದರೊಳಗೆ ಹಿಡಿಸುತ್ತೆ.

ಹಾಗಾಗಿ ಕೇಳಬೇಕಾದ್ದು ಮೂರೇ. ಬರೆದದ್ದರಿಂದ ಯಾರಿಗೆ ಹಾನಿ? ಅವರ ಕೆಲಸಕ್ಕೂ ಅದಕ್ಕೂ ಏನು ಸಂಬಂಧ? ಶಿಕ್ಷೆಗೆ ಮುಂಚೆ ಅವರ ಮಾತು ಕೇಳಿದಿರಾ?

2023ರಲ್ಲಿ ಕಾವೇರಿ ಗಲಾಟೆ ಜೋರಾಗಿದ್ದಾಗ ನಾನೂ ನಾಲ್ಕು ಸಾಲು ಬರೆದಿದ್ದೆ. ಬಯ್ಗುಳ ಇರಲಿಲ್ಲ, ನಮ್ಮ ಗದ್ದೆ ಒಣಗಿದ್ದು ಮಾತ್ರ ಇತ್ತು. ನನ್ನ ಟೀಮಿನಲ್ಲಿ ತಮಿಳುನಾಡಿನವರೂ ಇದ್ದಾರೆ, ಯಾರಾದರೂ ಮ್ಯಾನೇಜರ್‌ಗೆ ತೋರಿಸಿದರೆ ಅಂತ ಹತ್ತೇ ನಿಮಿಷದಲ್ಲಿ ಅಳಿಸಿದೆ. ಯಾರೂ ನನ್ನನ್ನ ಗದರಿಸಿರಲಿಲ್ಲ. ರಾತ್ರಿ ಅಪ್ಪ ಫೋನ್ ಮಾಡಿ, "ಯಾಕ್ಲಾ ಅಳಿಸ್ದೆ? ಸುಳ್ ಬರ್ದಿದ್ಯಾ?" ಅಂದ.

ಉತ್ತರ ಕೊಡಕ್ಕಾಗಲಿಲ್ಲ.