ಅದಿತಿ ಚೌಹಾಣ್: ದೆಹಲಿಯ ಗೋಲ್‌ಕೀಪರ್

ಭಾರತದ ಮಹಿಳಾ ಫುಟ್‌ಬಾಲ್ ತಂಡದ ಗೋಲನ್ನು ದೀರ್ಘಕಾಲ ಕಾಯ್ದ ಅದಿತಿ ಚೌಹಾಣ್ ಹುಟ್ಟಿದ್ದು 1992ರಲ್ಲಿ ಚೆನ್ನೈನಲ್ಲಿ, ಬೆಳೆದದ್ದು ದೆಹಲಿಯಲ್ಲಿ. ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಮತ್ತು ಕರಾಟೆಯಲ್ಲಿ ಪಳಗಿದ್ದ ಅವರು ತರಬೇತುದಾರರ ಸಲಹೆಯಂತೆ ಫುಟ್‌ಬಾಲ್‌ಗೆ ಬಂದು, ದೆಹಲಿಯ 19 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು.

ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದ ಅವರು 2015ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಮಹಿಳಾ ತಂಡ ಸೇರಿದರು. ಮರಳಿದ ಮೇಲೆ ಗೋಕುಲಂ ಕೇರಳ ತಂಡದೊಂದಿಗೆ 2019–20 ಮತ್ತು 2021–22ರ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದರು. 2012, 2016 ಮತ್ತು 2019ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಪ್ರಶಸ್ತಿ ಗೆದ್ದ ಭಾರತ ತಂಡಗಳಲ್ಲೂ ಇದ್ದರು.

ಗೋಲ್‌ಕೀಪರ್‌ನ ಕೆಲಸ ಚೆಂಡಿಗೆ ಜಿಗಿಯುವುದಷ್ಟೇ ಅಲ್ಲ. ಹೊಡೆತಕ್ಕೆ ಮೊದಲೇ ಕೋನ ಅಳೆದು ನಿಲ್ಲಬೇಕು. ರಕ್ಷಣಾ ಸಾಲನ್ನು ಕೂಗಿ ನಡೆಸಬೇಕು. ಹಿಡಿಯುವುದೋ ಗುದ್ದುವುದೋ ಎಂಬುದನ್ನು ಕ್ಷಣದಲ್ಲಿ ತೀರ್ಮಾನಿಸಬೇಕು. ಎತ್ತರದ ಚೆಂಡಿಗೆ ಸಮಯ ನೋಡಿ ನೆಗೆಯುವ ಬಾಸ್ಕೆಟ್‌ಬಾಲ್ ಅಭ್ಯಾಸ ಈ ಸ್ಥಾನಕ್ಕೆ ಒಳ್ಳೆಯ ಬುನಾದಿ. 2022ರ ಏಷ್ಯನ್ ಕಪ್‌ನಲ್ಲಿ ಇರಾನ್ ವಿರುದ್ಧ ಗೋಲಿಲ್ಲದೆ ಮುಗಿದ ಪಂದ್ಯದಲ್ಲಿ ಭಾರತದ ಗೋಲು ಕಾಯ್ದವರು ಅದಿತಿಯೇ.

2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದ ಅದಿತಿ, ಆಡುತ್ತಿದ್ದಾಗಲೇ ‘ಶೀ ಕಿಕ್ಸ್’ ಅಕಾಡೆಮಿ ಸ್ಥಾಪಿಸಿ ಹುಡುಗಿಯರ ತರಬೇತಿಗೆ ತೊಡಗಿದ್ದರು.